ಸಿಪ್ಪೆಯೊಳಗಿನ ಸಕ್ಕರೆ



ಕೊಲ್ಹಾಪುರ ಸೀಮೆಯ ಗಾಣದ ಮನೆ ನೋಡಿದವರಿಗೆ ಗೊತ್ತು, ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಕೆಳಗೆ ಉರಿಯುವುದು ಅದೇ ಕಬ್ಬಿನ ಒಣಸಿಪ್ಪೆ. ಹಾಲಿಗೆ ಬೆಂಡೆ ಗಿಡದ ಲೋಳೆ ಬಿಟ್ಟರೆ ಕಲ್ಮಶವೆಲ್ಲ ನೊರೆಗಟ್ಟಿ ಮೇಲೇಳುತ್ತದೆ, ಅದನ್ನು ಜಾಲರಿ ಸೌಟಿನಿಂದ ಎತ್ತಿ ತೆಗೆಯುತ್ತಾರೆ. 2014ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಲ್ಲ ಇಲ್ಲಿಯದು.

ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಉಳಿಕೆ ರಾಶಿಯಾಯಿತು. ಅದೇ ಸೀಮೆಯ ಇಚಲಕರಂಜಿಯಲ್ಲಿ ಪಂಚಗಂಗಾ ಸಹಕಾರಿ ಕಾರ್ಖಾನೆ ಕಟ್ಟಿದವರು ಸಂವಿಧಾನ ಸಭೆಯ ಸದಸ್ಯರಾಗಿದ್ದ ರತ್ನಪ್ಪ ಕುಂಭಾರರು. ಗಡಹಿಂಗ್ಲಜ ತಾಲೂಕಿಗೂ ತನ್ನದೇ ಸಹಕಾರಿ ಕಾರ್ಖಾನೆಯಾಯಿತು. ನೂರು ಟನ್ ಕಬ್ಬು ಅರೆದರೆ ಸುಮಾರು 30 ಟನ್ ಸಿಪ್ಪೆ, 4 ಟನ್ ಕಾಕಂಬಿ ಉಳಿಯುತ್ತದೆ. ಕಾಕಂಬಿಯನ್ನು ಹುದುಗಿಸಿದರೆ ಮದ್ಯಸಾರ. ಅದನ್ನು ಪೆಟ್ರೋಲಿಗೆ ಬೆರೆಸುವ ಕಾನೂನು 1948ರಲ್ಲೇ ಬಂದಿತ್ತು, ಆದರೆ ದೇಶ ಶೇ 10ರ ಗುರಿ ಮುಟ್ಟಿದ್ದು 2022ರಲ್ಲಿ.

ನಿಂಬೆಯದೂ ಇದಕ್ಕೆ ಹತ್ತಿರದ ಕಥೆ. 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳು ತೆಗೆದ. ಮುಂದೆ ಬಹುಕಾಲ ಇಟಲಿಯ ನಿಂಬೆತೋಟಗಳೇ ಜಗತ್ತಿಗೆ ಅದನ್ನು ಒದಗಿಸಿದವು. 1917ರಲ್ಲಿ ಅಮೆರಿಕದ ಜೇಮ್ಸ್ ಕರಿ, ಸಕ್ಕರೆ ತಿನ್ನುವ ಕಪ್ಪು ಬೂಷ್ಟು ಅದೇ ಆಮ್ಲವನ್ನು ಹೇರಳವಾಗಿ ಕೊಡುತ್ತದೆಂದು ತೋರಿಸಿದ. ಆಮೇಲೆ ಅಗ್ಗದ ಕಾಕಂಬಿಯೇ ಸಾಕಾಯಿತು, ನಿಂಬೆಯ ವ್ಯಾಪಾರ ಕುಸಿಯಿತು.

ಈಗ ಹಣ್ಣಿನ ಸಿಪ್ಪೆಯಿಂದಲೇ ಸಕ್ಕರೆ ತೆಗೆಯುವ ಮಾತು. ಕಿತ್ತಳೆ, ಮೋಸಂಬಿ ಹಿಂಡಿದರೆ ಹಣ್ಣಿನ ತೂಕದ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಅದರಲ್ಲಿರುವ ಸೆಲ್ಯುಲೋಸ್, ಪೆಕ್ಟಿನ್‌ಗಳನ್ನು ಕಿಣ್ವಗಳು ಒಡೆದು ಸಕ್ಕರೆಯಾಗಿಸುತ್ತವೆ. ಆ ಸಕ್ಕರೆಯನ್ನು ಯೀಸ್ಟ್‌ನಿಂದ ಹುದುಗಿಸಿದರೆ ಮದ್ಯಸಾರ. ತೊಡಕಿರುವುದು ಸಿಪ್ಪೆಯ ಎಣ್ಣೆಯಲ್ಲಿ. ಸಿಪ್ಪೆ ಮಡಿಸಿದಾಗ ಚಿಮ್ಮಿ ಕಣ್ಣು ಉರಿಸುತ್ತದಲ್ಲ, ಆ ಎಣ್ಣೆಯ ಲಿಮೊನೀನ್ ಯೀಸ್ಟ್ ಬೆಳೆಯಲು ಬಿಡುವುದಿಲ್ಲ. ಅದನ್ನು ಹಬೆಯಿಂದ ಮೊದಲು ತೆಗೆಯಬೇಕು. ತೆಗೆದದ್ದಕ್ಕೆ ಪರಿಮಳದ ಉದ್ಯಮದಲ್ಲೂ ಶುಚಿಕಾರಕಗಳಲ್ಲೂ ಬೆಲೆಯಿದೆ. ಪೆಕ್ಟಿನ್ ಉಳಿಸಿಕೊಂಡರೆ ಜಾಮ್ ತಯಾರಕರು ಕೊಳ್ಳುತ್ತಾರೆ.

ನನ್ನ ಅಭಿಪ್ರಾಯದಲ್ಲಿ ರಸಾಯನವಿದ್ಯೆಗಿಂತ ಕಷ್ಟದ್ದು ಸಿಪ್ಪೆಯನ್ನು ಒಂದೆಡೆ ಸೇರಿಸುವುದು. ಫ್ಲಾರಿಡಾದ ರಸದ ಕಾರ್ಖಾನೆಗಳಲ್ಲಿ ಸಿಪ್ಪೆ ತಾನೇ ಗುಡ್ಡೆಯಾಗುತ್ತಿತ್ತು, ಆದ್ದರಿಂದ 1940ರ ದಶಕದಲ್ಲೇ ಅಲ್ಲಿ ಅದು ದನದ ಮೇವಾಯಿತು, ಕಾಕಂಬಿಯೂ ಆಯಿತು. ನಮ್ಮಲ್ಲಿ ಅದು ರಸದ ಗಾಡಿಗಳ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟಗಳ ಜೊತೆ ಕೊಳೆಯುತ್ತದೆ. ಹಬೆ, ಹುದುಗುತೊಟ್ಟಿ, ಭಟ್ಟಿಯ ಅನುಭವ ಕಬ್ಬಿನ ನಾಡಿಗೆ ಹೊಸದಲ್ಲ. ಹಣ್ಣಿನ ರಸ ಮಾರುವ ಬಂಧುಗಳೇ, ಸಿಪ್ಪೆಯನ್ನು ಬೇರೆ ಬುಟ್ಟಿಗೆ ಹಾಕಿ. ನಗರಸಭೆಯವರೇ, ಅದನ್ನು ಬೇರೆಯಾಗಿಯೇ ಒಯ್ಯಿರಿ.