ಗಾಡಿಯ ಮಿದುಳಿಗೂ ಒಂದು ಜೋಡಿ ಇರಲಿ



ರೇಡಿಯೋದಲ್ಲಿ ಕೆಲಸ ಮಾಡುವವರಿಗೆ ಮೌನ ಅಂದರೆ ಭಯ. ನೀವು ರೇಡಿಯೋ ಹಚ್ಚಿ ಹತ್ತು ಸೆಕೆಂಡು ಸದ್ದೇ ಕೇಳದಿದ್ದರೆ ನಿಮ್ಮ ಕೈ ಬೇರೆ ಸ್ಟೇಷನ್ನಿಗೆ ಹೋಗಿಬಿಡುತ್ತದೆ. ಅದಕ್ಕೇ ಸ್ಟುಡಿಯೋದಲ್ಲಿ ನಾವು ಎಲ್ಲದಕ್ಕೂ ಒಂದು ಜೋಡಿ ಇಟ್ಟಿರುತ್ತೇವೆ. ಎರಡನೇ ಮೈಕು, ಎರಡನೇ ಕಂಪ್ಯೂಟರು, ಕರೆಂಟು ಹೋದರೆ ಬ್ಯಾಟರಿ, ಅತಿಥಿ ಬಾರದಿದ್ದರೆ ಹಾಕಲು ಒಂದು ಧ್ವನಿಮುದ್ರಣ. ಇಷ್ಟು ಮುನ್ನೆಚ್ಚರಿಕೆಯ ನಡುವೆ ದಿನ ಕಳೆಯುವ ನನಗೆ, ಮನೆಯ ಕೆಳಗೆ ನಿಂತ ಕಾರಿಗೂ ಹಾಗೊಂದು ಜೋಡಿ ಬೇಕಾದೀತು ಎಂದು ಹೊಳೆದೇ ಇರಲಿಲ್ಲ.

ಕಳೆದ ವರ್ಷದ ಜುಲೈ. ಮುಂಬಯಿ ಮಳೆ ನಿಮಗೆ ಹೇಳಬೇಕಾಗಿಲ್ಲ. ಒಂದು ರಾತ್ರಿ ನಮ್ಮ ಕಟ್ಟಡದ ಅಂಗಳದಲ್ಲಿ ನೀರು ನಿಂತು ಕಾರಿನ ಒಳಗೂ ಬಂತು. ಹೆಚ್ಚೇನಲ್ಲ, ಕಾಲಿಡುವ ಜಾಗ ತುಂಬುವಷ್ಟು. ಬೆಳಗಾಗುವ ಹೊತ್ತಿಗೆ ಇಳಿದೂ ಹೋಗಿತ್ತು. ಅಂದು ಅಪ್ಪನಿಗೆ ಡಯಾಲಿಸಿಸ್ ದಿನ. ವಾರಕ್ಕೆ ಮೂರು ಬೆಳಗ್ಗೆ, ಆರೂವರೆಗೆ ಅವರು ಆಸ್ಪತ್ರೆಯಲ್ಲಿರಬೇಕು. ಕೀಲಿ ತಿರುಗಿಸಿದೆ. ರೇಡಿಯೋ ಹತ್ತಿತು, ವೈಪರ್ ಆಡಿತು, ಎಂಜಿನ್ ಮಾತ್ರ ಏಳಲಿಲ್ಲ. ಕೀಲಿ ಹಾಕಿದಾಗ ದಿನವೂ ಹತ್ತುವ ಎಂಜಿನ್ ಚಿತ್ರದ ಹಳದಿ ದೀಪವೂ ಇಲ್ಲ. ಅಪ್ಪನ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ರಿಕ್ಷಾ ಹುಡುಕಿಕೊಂಡು ಹೊರಟೆವು.

ಮಧ್ಯಾಹ್ನ ಮೆಕ್ಯಾನಿಕ್ ಬಂದು ನೋಡಿದ. "ಎಂಜಿನ್ ಚೆನ್ನಾಗಿದೆ, ಕಂಪ್ಯೂಟರ್ ಹೋಗಿದೆ" ಅಂದ. ಡ್ಯಾಶ್‌ಬೋರ್ಡಿನ ಕೆಳಗೆ, ಎಡಗಡೆ ಕೂರುವವರ ಕಾಲಿನ ಬಳಿ, ಒಂದು ಚಪ್ಪಟೆ ಲೋಹದ ಪೆಟ್ಟಿಗೆ. ನೀರು ಮೊದಲು ಮುಟ್ಟುವ ಜಾಗವೇ ಅದು. ಇಸಿಯು ಎಂದು ಕರೆಯುವುದು ಇದನ್ನೇ. ಎಂಜಿನ್ನಿನ ಮಿದುಳು.

ನಮ್ಮದು 2011ರ ಕಾರು, ಈಗ ಅದರ ತಯಾರಿಕೆಯೇ ನಿಂತಿದೆ. ಹೊಸ ಪೆಟ್ಟಿಗೆ ಬರಲು ವಾರಗಳೇ ಬೇಕು ಅಂದರು. ಕುರ್ಲಾದ ಹಳೆ ಬಿಡಿಭಾಗಗಳ ಅಂಗಡಿಯಲ್ಲಿ ಅದೇ ನಂಬರಿನ ಪೆಟ್ಟಿಗೆ ಸಿಕ್ಕಿತು. ಗೆದ್ದೆ ಅಂದುಕೊಂಡೆ. ಹಾಕಿ ಕೀಲಿ ತಿರುಗಿಸಿದರೆ ಎಂಜಿನ್ ಎದ್ದಿತು, ಎರಡು ಸೆಕೆಂಡು ಓಡಿತು, ನಿಂತಿತು. ಮತ್ತೆ ಎದ್ದಿತು, ಮತ್ತೆ ನಿಂತಿತು. ಕೀಲಿ ಚಿತ್ರದ ಕೆಂಪು ದೀಪ ಮಿಟುಕುತ್ತಲೇ ಇತ್ತು.

ಯಾಕೆ ಹೀಗೆ? ಕಾರಿನಲ್ಲಿ ಕಂಪ್ಯೂಟರ್ ಇರುವುದು ಹೊಸದಲ್ಲ. ಜರ್ಮನಿಯ ಬಾಷ್ ಕಂಪನಿ 1979ರಲ್ಲೇ ಬಿಎಂಡಬ್ಲ್ಯು ಕಾರಿಗೆ ಮೋಟ್ರಾನಿಕ್ ಎಂಬ ವ್ಯವಸ್ಥೆ ಕೊಟ್ಟಿತು. ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬ ಎರಡೂ ಲೆಕ್ಕ ಒಂದೇ ಪೆಟ್ಟಿಗೆಯಲ್ಲಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1951ರಲ್ಲಿ ಶುರುವಾದ ಆ ಕಂಪನಿ ಇದೇ ಬಾಷ್ ಬಳಗದ್ದು, 2008ರಲ್ಲಿ ಹೆಸರೂ ಬಾಷ್ ಎಂದಾಯಿತು. ನಮ್ಮ ದೇಶದಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಕಾರ್ಬ್ಯುರೇಟರ್ ಹಿಂದೆ ಸರಿದು ಈ ಪೆಟ್ಟಿಗೆ ಸಾಮಾನ್ಯರ ಕಾರಿಗೂ ಬಂತು.

ಅದರ ಜೊತೆಗೇ ಬಂದದ್ದು ಕಳ್ಳರ ಕಾವಲು, ಇಮೊಬಿಲೈಸರ್. ನಿಮ್ಮ ಕೀಲಿಯ ತಲೆಯೊಳಗೆ ಒಂದು ಚಿಪ್ ಇದೆ. ಬೀಗದ ಸುತ್ತ ಇರುವ ತಂತಿಯ ಸುರುಳಿ ಅದನ್ನು ಮಾತಾಡಿಸುತ್ತದೆ. ಉತ್ತರ ಸರಿಯಾಗಿದ್ದರೆ ಮಾತ್ರ ಪೆಟ್ಟಿಗೆ ಪೆಟ್ರೋಲ್ ಬಿಡುತ್ತದೆ. ಕುರ್ಲಾದಿಂದ ತಂದ ಪೆಟ್ಟಿಗೆಗೆ ಗೊತ್ತಿದ್ದದ್ದು ಬೇರೆ ಯಾರದೋ ಕಾರಿನ ಕೀಲಿ. ನಮ್ಮ ಕೀಲಿ ಅದರ ಪಾಲಿಗೆ ಕಳ್ಳಕೀಲಿ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ನಮ್ಮನ್ನು ಉಳಿಸಿದವನು ಇಂಥ ಪೆಟ್ಟಿಗೆಗಳನ್ನೇ ರಿಪೇರಿ ಮಾಡುವ ಒಬ್ಬ ಹುಡುಗ. ಸತ್ತ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗೆಲ್ಲ ಹಸಿರು ಕಿಲುಬು. ಆದರೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಜೀವಂತವಾಗಿತ್ತು. ಕೀಲಿಯ ಗುಟ್ಟು ಇದ್ದದ್ದು ಅದರಲ್ಲೇ. ಅದನ್ನು ಓದಿ ಕುರ್ಲಾದ ಪೆಟ್ಟಿಗೆಗೆ ಬರೆದ. ಅಂದು ಸಂಜೆ ಕಾರು ಎದ್ದಿತು. ಅಷ್ಟರಲ್ಲಿ ಒಂಬತ್ತು ದಿನ, ನಾಲ್ಕು ಡಯಾಲಿಸಿಸ್ ಆಗಿಹೋಗಿದ್ದವು. ಹಣ ತೆಗೆದುಕೊಳ್ಳುತ್ತಾ ಅವನು ಹೇಳಿದ ಮಾತು ಇದು: "ಈ ಚಿಪ್ಪೂ ಹೋಗಿದ್ದರೆ ನನ್ನಿಂದ ಏನೂ ಆಗುತ್ತಿರಲಿಲ್ಲ. ಪೆಟ್ಟಿಗೆ ಚೆನ್ನಾಗಿದ್ದಾಗಲೇ ನಕಲು ಮಾಡಿಸಿಕೊಳ್ಳಿ."

ಇವತ್ತು ನಾನು ನಿಮಗೆ ಹೇಳಬೇಕೆಂದಿದ್ದ ಮಾತೂ ಅದೇ. ಹೇಗೆ ಮಾಡಿಸುವುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು, ಅದೇ ಪೆಟ್ಟಿಗೆ ಬೇಕು. ಹೊರಗಿನ ಚೀಟಿಯಲ್ಲಿರುವ ಹಾರ್ಡ್‌ವೇರ್ ನಂಬರು ಅಕ್ಷರಕ್ಕಕ್ಷರ ಹೊಂದಬೇಕು. ನೋಡಲು ಒಂದೇ ಥರ ಇದ್ದರೆ ಸಾಲದು.

ಎರಡನೆಯದು, ಒಳಗಿರುವ ಬರಹ ಎರಡು ಭಾಗ. ಒಂದು, ಎಂಜಿನ್ ನಡೆಸುವ ಪ್ರೋಗ್ರಾಂ ಮತ್ತು ಅದರ ಕೋಷ್ಟಕಗಳು. ಇನ್ನೊಂದು, ಕೀಲಿಯ ಗುಟ್ಟು, ಗಾಡಿಯ ಗುರುತಿನ ಸಂಖ್ಯೆ ಇಂಥವು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಯಂತ್ರ ಚುಚ್ಚಿ ಓದಿದರೆ ಕೆಲವು ಗಾಡಿಗಳಲ್ಲಿ ಮೊದಲನೆಯದು ಮಾತ್ರ ಸಿಗುತ್ತದೆ. ಪೂರ್ತಿ ನಕಲಿಗೆ ಪೆಟ್ಟಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಓದಬೇಕಾಗುತ್ತದೆ. ಹಾಗಾಗಿ "ಎರಡೂ ಭಾಗ ಓದಿದಿರಾ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಅವರು ಕೊಡುವ ಉತ್ತರದಿಂದಲೇ ಕೆಲಸ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಮೂರನೆಯದು, ಬರೆಯುವಾಗ ಕರೆಂಟು ಕುಸಿಯಬಾರದು. ಅರ್ಧ ಬರೆದ ಪೆಟ್ಟಿಗೆ ಇಟ್ಟಿಗೆಗೆ ಸಮ. ಪೆಟ್ಟಿಗೆ ಕಳಚುವ ಮೊದಲು ಬ್ಯಾಟರಿಯ ಋಣ ತಂತಿ ತೆಗೆಯಬೇಕು.

ನಾಲ್ಕನೆಯದು, ನಕಲನ್ನು ಕಾರಿಗೆ ಹಾಕಿ ಓಡಿಸಿ ನೋಡಿ. ನಿಮ್ಮಲ್ಲಿರುವ ಎಲ್ಲ ಕೀಲಿಗಳಿಂದಲೂ ಎಂಜಿನ್ ಏಳಬೇಕು. ಪರೀಕ್ಷಿಸದ ಜೋಡಿ, ಬ್ಯಾಟರಿ ಹಾಕದ ಟಾರ್ಚಿನ ಹಾಗೆ. ಓದಿದ ಬರಹವನ್ನು ಪೆನ್ ಡ್ರೈವಿನಲ್ಲಿ ಹಾಕಿಸಿಕೊಳ್ಳಿ.

ಇನ್ನು, ಆ ಪೆಟ್ಟಿಗೆಯನ್ನು ಕಾರಿನಲ್ಲೇ ಇಡಬೇಡಿ! ನಗಬೇಡಿ, ನಾನು ಹಾಗೆ ಇಡಲು ಹೊರಟಿದ್ದೆ. "ನೆರೆ ಬಂದರೆ ಎರಡೂ ಒಟ್ಟಿಗೆ ಮುಳುಗಲಿ ಅಂತಲೋ?" ಎಂದು ಅಪ್ಪ ಕೇಳಿದರು. ತೇವ ಹೀರುವ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿ ಮನೆಯ ಕಪಾಟಿನಲ್ಲಿಡಿ, ಕೀಲಿಯಷ್ಟೇ ಜೋಪಾನವಾಗಿ. ಆ ಪೆಟ್ಟಿಗೆ, ಆ ಪೆನ್ ಡ್ರೈವ್ ತಪ್ಪು ಕೈಗೆ ಹೋದರೆ ಕಾರಿನ ಗುಟ್ಟೇ ಹೋದಂತೆ. ಗುರುತಿಲ್ಲದವರ ಬಳಿ, ಬಿಲ್ಲು ಕೊಡದವರ ಬಳಿ ಈ ಕೆಲಸ ಮಾಡಿಸಬೇಡಿ.

ನಕಲು ಅಂದರೆ ಒಂದು ದಿನದ ಫೋಟೋ ಎಂಬುದೂ ನೆನಪಿರಲಿ. ಮುಂದೆ ಹೊಸ ಕೀಲಿ ಮಾಡಿಸಿದಿರಿ, ಡೀಸೆಲ್ ಗಾಡಿಯಾದರೆ ಇಂಜೆಕ್ಟರ್ ಬದಲಿಸಿ ಅದರ ಸಂಕೇತ ಬರೆಸಿದಿರಿ ಎಂದಿಟ್ಟುಕೊಳ್ಳಿ. ಕಪಾಟಿನಲ್ಲಿರುವ ಪೆಟ್ಟಿಗೆಗೆ ಅದು ತಿಳಿಯದು. ಡಬ್ಬಿಯ ಮೇಲೆ ತಾರೀಕು ಬರೆದಿಡಿ, ಬದಲಾವಣೆಯಾದಾಗ ಮತ್ತೆ ಬರೆಸಿ.

ಎಲ್ಲರಿಗೂ ಇದು ಬೇಕೇ? ಬೇಡ. ವಾರಂಟಿ ಇರುವ ಗಾಡಿಯ ಪೆಟ್ಟಿಗೆ ಬಿಚ್ಚಿಸಿ ವಾರಂಟಿ ಕಳೆದುಕೊಳ್ಳಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಹಲವು ಪೆಟ್ಟಿಗೆಗಳಿಗೆ ಗಟ್ಟಿ ಬೀಗವಿದೆ, ಸುಲಭದಲ್ಲಿ ಓದಲಾಗದು. ಇದು ತಯಾರಿಕೆ ನಿಂತ, ಬಿಡಿಭಾಗ ಸಿಗದ, ಆದರೂ ಮನೆಯವರು ನಂಬಿಕೊಂಡಿರುವ ಗಾಡಿಗಳಿಗೆ ಹೇಳಿದ ಮಾತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಚೆನ್ನೈಯವರಿಗೆ 2015ರ ಡಿಸೆಂಬರ್, ಹೈದರಾಬಾದಿನವರಿಗೆ 2020ರ ಅಕ್ಟೋಬರ್ ಮರೆತಿರಲಿಕ್ಕಿಲ್ಲ. ನೀರು ಹೇಳಿ ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕೊಡೆ ರಿಪೇರಿ ಮಾಡಿಸುವ ಜನ ನಾವು, ಆ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ನಮ್ಮ ಮನೆಯ ಕಪಾಟಿನಲ್ಲಿ ಈಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಮೇಲೆ ಅಪ್ಪನ ಕೈಬರಹದಲ್ಲಿ "ಕಾರು, ಎರಡನೇದು" ಎಂದಿದೆ, ಕೆಳಗೆ ತಾರೀಕು. ನಾಳೆ ಬೆಳಗ್ಗೆ ನಾವು ಮತ್ತೆ ಹೊರಡಬೇಕು.