ಹತ್ತು ಕಾದಂಬರಿ, ಒಂದೇ ಅಪರಾಧ



ಪತ್ತೇದಾರಿ ಕಾದಂಬರಿ ಎಂದರೆ ನನ್ನ ತಲೆಮಾರಿನವರಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮ, ಇಂಗ್ಲಿಷ್ ಓದಲು ಬಂದ ಮೇಲೆ ಷರ್ಲಾಕ್ ಹೋಮ್ಸ್. ಜಾಣ ಪತ್ತೇದಾರ, ಯಾರ ಕಣ್ಣಿಗೂ ಬೀಳದ ಸುಳಿವು, ಕೊನೆಯಲ್ಲಿ ಸಿಕ್ಕಿಬೀಳುವ ಅಪರಾಧಿ. ಇದೇ ನಿರೀಕ್ಷೆಯಿಂದ ಸ್ವೀಡನ್ನಿನ ‘ರೋಸಾನ್ನಾ’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಕೈಗೆತ್ತಿಕೊಂಡ ನನಗೆ ಐವತ್ತು ಪುಟ ದಾಟುವ ಹೊತ್ತಿಗೆ ಬೇಸರವೇ ಆಯಿತು. ಏನೂ ನಡೆಯುವುದೇ ಇಲ್ಲವಲ್ಲ! ಆ ಬೇಸರ ಹೇಗೆ ಕರಗಿತು ಎಂಬುದನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಜುಲೈ ತಿಂಗಳ ಒಂದು ದಿನ ಮೋಟಾಲಾ ಪಟ್ಟಣದ ಬಳಿ ಯೋತಾ ಕಾಲುವೆಯ ಹೂಳೆತ್ತುವಾಗ ಹೆಂಗಸೊಬ್ಬಳ ಶವ ಮೇಲೆ ಬರುತ್ತದೆ. ಅವಳಿಗೆ ಹೆಸರಿಲ್ಲ, ಕಾಣೆಯಾಗಿದ್ದಾಳೆಂದು ಹುಡುಕಿಕೊಂಡು ಬಂದವರೂ ಇಲ್ಲ. ತನಿಖೆಗೆ ಬರುವ ಮಾರ್ಟಿನ್ ಬೆಕ್ ಮಹಾ ಮೇಧಾವಿಯೇನಲ್ಲ. ಹೊಟ್ಟೆ ಸರಿಯಿಲ್ಲ, ನೆಗಡಿ ಬಿಡದು, ಮನೆಯಲ್ಲಿ ನೆಮ್ಮದಿಯಿಲ್ಲ. ಸತ್ತವಳು ಅಮೆರಿಕದಿಂದ ಬಂದ ಗ್ರಂಥಪಾಲಕಿ ಎಂದು ತಿಳಿಯಲೇ ತಿಂಗಳುಗಳು ಹಿಡಿಯುತ್ತವೆ. ಆಮೇಲೆ ಅವಳಿದ್ದ ಪ್ರವಾಸಿ ಹಡಗಿನ ಪ್ರಯಾಣಿಕರನ್ನು ಹುಡುಕಿ, ಅವರು ತೆಗೆದ ಫೋಟೋಗಳನ್ನು ತರಿಸಿಕೊಂಡು, ಒಂದೊಂದನ್ನೇ ನೋಡುತ್ತಾ ಕೂರುವ ಕೆಲಸ.

ಈ ನಿಧಾನವೇ ಕಾದಂಬರಿಯ ಶಕ್ತಿ ಎಂಬುದು ನನಗೆ ತಡವಾಗಿ ಹೊಳೆಯಿತು. ನಾವು ಓದಿದ ಕಥೆಗಳಲ್ಲಿ ಶವ ಒಂದು ಒಗಟಿನ ಆರಂಭ ಮಾತ್ರ. ಮೂರನೆಯ ಪುಟಕ್ಕೆ ಸತ್ತವರು ಮರೆತುಹೋಗುತ್ತಾರೆ. ಇಲ್ಲಿ ಹಾಗಲ್ಲ. ತಿಂಗಳುಗಳು ಕಳೆದಂತೆ ಆ ಅನಾಮಿಕ ಶವಕ್ಕೆ ಹೆಸರು, ಮುಖ, ಸ್ವಭಾವ ಬರುತ್ತವೆ. ಅವಳು ನಮಗೆ ಪರಿಚಿತಳಾದ ಮೇಲೆಯೇ ಅವಳ ಸಾವು ನಮ್ಮನ್ನು ತಟ್ಟುತ್ತದೆ.

ಇದನ್ನು ಬರೆದವರು ಮೈ ಶೋವಾಲ್ ಮತ್ತು ಪೆರ್ ವಾಲೋ ಎಂಬ ಪತ್ರಕರ್ತ ಜೋಡಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಅಧ್ಯಾಯ ಅವರು, ಒಂದು ಅಧ್ಯಾಯ ಇವರು ಬರೆಯುತ್ತಿದ್ದರಂತೆ. 1965ರಿಂದ 1975ರವರೆಗೆ ಹೀಗೆ ಹತ್ತು ಕಾದಂಬರಿಗಳು ಬಂದವು. ಇಡೀ ಸರಣಿಗೆ ಅವರಿಟ್ಟ ಉಪಶೀರ್ಷಿಕೆ ‘ಒಂದು ಅಪರಾಧದ ಕಥೆ’. ಹತ್ತು ಪುಸ್ತಕ, ಹಲವು ಕೊಲೆ. ಅಪರಾಧ ಮಾತ್ರ ಒಂದೇ ಹೇಗೆ?

ಉತ್ತರ ಆ ದೇಶದ ಇತಿಹಾಸದಲ್ಲಿದೆ. ದೇಶವೆಂದರೆ ಎಲ್ಲರಿಗೂ ಸಮಪಾಲಿರುವ ‘ಜನರ ಮನೆ’ ಆಗಬೇಕೆಂದು ಸೋಷಿಯಲ್ ಡೆಮಾಕ್ರಟ್ ನಾಯಕ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲಿ ಹೇಳಿದ್ದರು. ಅವರ ಪಕ್ಷ 1932ರಿಂದ 1976ರವರೆಗೆ ಹೆಚ್ಚುಕಡಿಮೆ ಸತತವಾಗಿ ಅಧಿಕಾರದಲ್ಲಿದ್ದು ಆ ಮನೆಯನ್ನು ಕಟ್ಟಿತು. ಲೋಕವೆಲ್ಲ ಅದನ್ನು ಮೆಚ್ಚುತ್ತಿದ್ದ ಕಾಲದಲ್ಲಿಯೇ ಎಡಪಂಥೀಯರಾದ ಈ ಇಬ್ಬರು, ಆ ಮನೆಯೊಳಗೆ ಒಂಟಿತನವಿದೆ, ಬಡವರನ್ನು ಕೈಬಿಟ್ಟಿದ್ದಾರೆ, ಪೊಲೀಸ್ ವ್ಯವಸ್ಥೆ ಒರಟಾಗುತ್ತಿದೆ ಎಂದು ತೋರಿಸಹೊರಟರು. ಅವರ ದೃಷ್ಟಿಯಲ್ಲಿ ಆ ಒಂದು ಅಪರಾಧ ಸಮಾಜವೇ ಮಾಡಿದ್ದು. ಕೊನೆಯ ಪುಸ್ತಕಗಳಲ್ಲಿ ಈ ವಾದ ಕಥೆಯ ಮೇಲೆ ಭಾರವಾಗಿ ಕೂರುತ್ತದೆ ಎಂಬುದನ್ನೂ ಒಪ್ಪಬೇಕು.

ಹತ್ತನೆಯ ಕಾದಂಬರಿ ‘ಭಯೋತ್ಪಾದಕರು’ ಬಂದದ್ದು 1975ರಲ್ಲಿ. ವಾಲೋ ತೀರಿಕೊಂಡದ್ದೂ ಅದೇ ವರ್ಷ. ಅದರಲ್ಲಿ ಸ್ವೀಡನ್ನಿನ ಪ್ರಧಾನಿ ಗುಂಡಿಗೆ ಬಲಿಯಾಗುತ್ತಾನೆ. ಆಗ ಅದು ಬರೀ ಕಲ್ಪನೆ. 1986ರ ಫೆಬ್ರವರಿ 28ರ ರಾತ್ರಿ, ಹೆಂಡತಿಯೊಡನೆ ಸಿನಿಮಾ ನೋಡಿ ಅಂಗರಕ್ಷಕರಿಲ್ಲದೆ ಮನೆಗೆ ನಡೆದು ಹೋಗುತ್ತಿದ್ದ ಪ್ರಧಾನಿ ಒಲೊಫ್ ಪಾಲ್ಮೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಕೊಲೆಯಾದರು. 1989ರಲ್ಲಿ ಶಿಕ್ಷೆಗೊಳಗಾದವನು ಮೇಲ್ಮನವಿಯಲ್ಲಿ ಬಿಡುಗಡೆಯಾದ. 2020ರಲ್ಲಿ ತನಿಖೆಯ ಕಡತವನ್ನೇ ಮುಚ್ಚಿದರು. ಮಾರ್ಟಿನ್ ಬೆಕ್‌ನ ತಾಳ್ಮೆಗೆ ಸಿಕ್ಕ ಉತ್ತರ ನಿಜಜೀವನದ ಪೊಲೀಸರಿಗೆ ಸಿಗಲಿಲ್ಲ.

ಮುಂದೆ ಹೆನ್ನಿಂಗ್ ಮಾಂಕೆಲ್ 1991ರಲ್ಲಿ ವಲಾಂಡರ್ ಎಂಬ ಪೊಲೀಸನನ್ನು ಸೃಷ್ಟಿಸಿ, ವಲಸಿಗರ ಮೇಲಿನ ದ್ವೇಷದ ಬಗ್ಗೆ ಬರೆದರು. ಸ್ಟೀಗ್ ಲಾರ್ಸನ್ ತೀರಿಕೊಂಡ ಮರುವರ್ಷ, 2005ರಲ್ಲಿ ಬಂದ ಅವರ ಕಾದಂಬರಿಯ ಸ್ವೀಡಿಷ್ ಹೆಸರೇ ‘ಹೆಂಗಸರನ್ನು ದ್ವೇಷಿಸುವ ಗಂಡಸರು’. ಹೊಸ ಲೇಖಕರು, ಹೊಸ ಗಾಯಗಳು. ಪ್ರಶ್ನೆ ಮಾತ್ರ ಶೋವಾಲ್–ವಾಲೋ ಕೇಳಿದ್ದೇ.

ಮೊದಲ ಸಲ ಓದುವವರಿಗೆ ನನ್ನದೊಂದು ಮಾತು: ‘ರೋಸಾನ್ನಾ’ದಿಂದಲೇ ಆರಂಭಿಸಿ, ಕೊಲೆಗಾರನನ್ನು ಹಿಡಿಯುವ ಅವಸರ ಬೇಡ. ನನಗೆ ಬೇಸರ ತರಿಸಿದ ಆ ಐವತ್ತು ಪುಟಗಳನ್ನು ಇತ್ತೀಚೆಗೆ ಮತ್ತೆ ಓದಿದೆ. ಈ ಸಲ ಅಲ್ಲಿ ನನಗೆ ಕಂಡದ್ದು, ಇಷ್ಟು ದಿನವಾದರೂ ಯಾರೂ ಹುಡುಕಿಕೊಂಡು ಬಾರದ ಆ ಹೆಂಗಸು.