ಗಾಳಿಯ ತವರು

ಮೂಡುಬಿದಿರೆ ಮೂಡಣದಲ್ಲಿದೆ, ಪಡುಬಿದ್ರಿ ಪಡುವಣದಲ್ಲಿದೆ. ಬಿದಿರು ಎರಡಕ್ಕೂ ಸಮಾನ. ದಿಕ್ಕು ಮಾತ್ರ ಬೇರೆ. ಊರಿನ ಹೆಸರಿನಲ್ಲಿರುವ ದಿಕ್ಕು ಅದು ಇರುವ ತಾಣವನ್ನು ಹೇಳುತ್ತದೆ. ಗಾಳಿಯ ಹೆಸರು ಹಾಗಲ್ಲ. ಮೂಡುಗಾಳಿಯೆಂದರೆ ಮೂಡಣಕ್ಕೆ ಹೋಗುವ ಗಾಳಿಯಲ್ಲ, ಅಲ್ಲಿಂದ ಹೊರಟು ಬಂದದ್ದು. ನೈರುತ್ಯ ಮಾರುತವೂ ಹಾಗೆಯೇ. ಗಾಳಿಯನ್ನು ನಾವು ತವರಿನ ಹೆಸರಿನಿಂದ ಕರೆಯುತ್ತೇವೆ, ಸೇರುವ ಮನೆಯ ಹೆಸರಿನಿಂದಲ್ಲ.

ಕೇಳುಗ ಮಿತ್ರರೆ, ಇಷ್ಟು ಸಣ್ಣ ಸಂಗತಿಯನ್ನು ಹಿಗ್ಗಿಸಿ ಹೇಳಲು ಕಾರಣವಿದೆ. ನನ್ನ ಸೋದರಳಿಯ ಸಣ್ಣ ವಿಮಾನ ನಡೆಸುವ ಪರವಾನಗಿ ಪಡೆದವನು. ಅವನ ತೊಡೆಯ ಮೇಲಿನ ಪುಟ್ಟ ಫಲಕದಲ್ಲಿ ನಕಾಶೆಯೂ ಇದೆ, ಗಾಳಿಯೂ ಇದೆ. ಆದರೆ ಗಾಳಿಯನ್ನು ಬರೆಯುವ ಬಗೆ ಒಂದೇ ಅಲ್ಲ. ವಿಂಡಿಯಂಥ ಆಪ್‌ಗಳಲ್ಲಿ ಗಾಳಿ ಬಿಳಿಯ ಎಳೆಗಳಾಗಿ ತಾನು ಹೋಗುವ ಕಡೆಗೆ ಹರಿಯುತ್ತದೆ. ಬೇರೆಡೆ ಹವಾಮಾನಶಾಸ್ತ್ರಜ್ಞರ ಹಳೆಯ ಗುರುತು: ಒಂದು ಕಡ್ಡಿ, ಅದರ ತುದಿಗೆ ಗರಿಗಳು. ಅರ್ಧ ಗರಿಗೆ 5 ನಾಟ್, ಇಡೀ ಗರಿಗೆ 10, ತ್ರಿಕೋನದ ಪತಾಕೆಗೆ 50. ಗರಿಗಳಿರುವ ತುದಿ ಗಾಳಿಯ ತವರನ್ನು ತೋರುತ್ತದೆ. ಅಂಕೆಗಳಲ್ಲಿ 270, 15 ಎಂದಿದ್ದರೆ ನೇರ ಪಡುವಣದಿಂದ ಗಂಟೆಗೆ ಸುಮಾರು 28 ಕಿಲೋಮೀಟರು ವೇಗದ ಗಾಳಿ ಎಂದರ್ಥ. ಎಳೆಯನ್ನು ಗರಿಯಂತೆ ಓದಿದರೆ ಬೆನ್ನ ಗಾಳಿ ಎದುರುಗಾಳಿಯಾಗಿಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಇನ್ನೊಂದು: ಈ ಗಾಳಿಯನ್ನು ಕಂಡವರಾರು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರಕ್ಕೂ ವಿಮಾನಯಾನದ ಹತ್ತಿರದ ವರದಿ ಬಜ್ಪೆಯದು. ಅದು ನಿಜವಾಗಿ ಅಳೆದ ಗಾಳಿ. ಆದರೆ ಬಜ್ಪೆಯ ಗಾಳಿ, ಅದೂ ಅಳೆದ ಹೊತ್ತಿನ ಗಾಳಿ. ವರದಿಯ ಮೇಲೆ 0330 ಎಂದಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ನಮ್ಮ ಬೆಳಗಿನ ಒಂಬತ್ತು. ಕರಾವಳಿಯಲ್ಲಿ ಬೇಸಗೆಯ ಒಂಬತ್ತಕ್ಕೂ ಮಧ್ಯಾಹ್ನದ ಎರಡಕ್ಕೂ ಬಹಳ ಅಂತರ. ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲನೆ ಇಳಿಯುತ್ತಿದ್ದ ಗಾಳಿ, ನೆಲ ಕಾದ ಮೇಲೆ ಹಿಮ್ಮುಖವಾಗಿ ಕಡಲಿನಿಂದ ಒಳನಾಡಿಗೆ ನುಗ್ಗುತ್ತದೆ. ಹಳೆಯ ವರದಿ ಸುಳ್ಳಲ್ಲ, ಹಳೆಯದು ಅಷ್ಟೆ.

ಬಾನಿನೆತ್ತರದಲ್ಲಿ ತೋರುವ ಗಾಳಿ ಬಹುಮಟ್ಟಿಗೆ ಅಳೆದದ್ದಲ್ಲ, ಗಣಕಯಂತ್ರ ಎಣಿಸಿ ಹೇಳಿದ್ದು. ಉಪಗ್ರಹ ಎಲ್ಲವನ್ನೂ ನೋಡುತ್ತಿದೆಯಲ್ಲ ಎಂದು ನಾನೂ ಕೇಳಿದೆ. ಜಿಪಿಎಸ್‌ಗೆ ಗಾಳಿ ಗೊತ್ತಿಲ್ಲ, ಮಾವ, ಎಂದ ಹುಡುಗ. ನೇತ್ರಾವತಿಯಲ್ಲಿ ದೋಣಿ ಹೋಗುವುದನ್ನು ದಡದಿಂದ ನೋಡುವವನಿಗೆ ದೋಣಿ ಎಷ್ಟು ದೂರ ಸರಿಯಿತೆಂಬುದು ಮಾತ್ರ ಕಾಣುತ್ತದೆ. ಹುಟ್ಟಿನ ಪಾಲೆಷ್ಟು, ಹೊಳೆಯ ಪಾಲೆಷ್ಟು ಎಂಬುದು ಕಾಣುವುದಿಲ್ಲ. ಗಾಳಿಯೊಳಗಿನ ವೇಗವನ್ನೂ ಮೂತಿಯ ದಿಕ್ಕನ್ನೂ ವಿಮಾನದ ಉಪಕರಣಗಳು ಒದಗಿಸಿದರೆ ಮಾತ್ರ ಈ ಲೆಕ್ಕ ಬಿಡುತ್ತದೆ. ಹಾಗೆ ಜೋಡಣೆಯಿಲ್ಲದ ಫಲಕ ಮುನ್ಸೂಚನೆಯನ್ನೇ ಗಂಭೀರವಾಗಿ ತೋರಿಸುತ್ತ ಕುಳಿತಿರುತ್ತದೆ.

ಈ ಅಂಕೆಯ ಮೇಲೆ ಇಂಧನ ನಿಂತಿದೆ. ಬಜ್ಪೆಯಿಂದ ಬೆಂಗಳೂರಿನ ಜಕ್ಕೂರಿಗೆ ನೇರ ದಾರಿ ಸುಮಾರು 160 ನಾಟಿಕಲ್ ಮೈಲಿ. ವಿಮಾನದ ವೇಗ 100 ನಾಟ್, ಪಡುಗಾಳಿ 25 ಎಂದಿಟ್ಟುಕೊಳ್ಳೋಣ. ಹೋಗುವಾಗ 77 ನಿಮಿಷ, ಬರುವಾಗ 128. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 192, ಈಗ 205. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಬಡ್ಡಿಸಮೇತ ವಸೂಲು ಮಾಡುತ್ತದೆ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆಂಬುದೇ ಇದರ ಗುಟ್ಟು.

ಘಟ್ಟದ ವಿಷಯ ಇನ್ನೂ ಕಠಿಣ. ಬಹಳ ಆಪ್‌ಗಳು ಬಳಸುವ ಒಂದು ಜಾಗತಿಕ ಮುನ್ಸೂಚನೆ ಭೂಮಿಯನ್ನು ಕಾಲು ಡಿಗ್ರಿಯ, ಎಂದರೆ ಸುಮಾರು 28 ಕಿಲೋಮೀಟರಿನ ಚೌಕಗಳಾಗಿ ಹಂಚಿ ಕೊಡುತ್ತದೆ. ಅಂಥ ಒಂದೇ ಚೌಕದಲ್ಲಿ ಬೆಳ್ತಂಗಡಿಯ ಅಡಕೆ ತೋಟವೂ 1,890 ಮೀಟರಿಗೂ ಮಿಕ್ಕಿದ ಕುದುರೆಮುಖದ ನೆತ್ತಿಯೂ ಸೇರಿಬಿಡಬಹುದು. ಪುಷ್ಯ, ಮಾಘಗಳಲ್ಲಿ ಮೂಡುಗಾಳಿ ಬಯಲುಸೀಮೆಯಿಂದ ಬಂದು ಘಟ್ಟದ ಅಂಚು ದಾಟಿದೊಡನೆ ಬೆಳ್ತಂಗಡಿಯ ಕಡೆಗೆ ಕೆಳಮುಖವಾಗಿ ಬೀಳುತ್ತದೆ. ಚಾರ್ಮಾಡಿಯತ್ತ ಏರುತ್ತಿರುವ ಸಣ್ಣ ವಿಮಾನಕ್ಕೆ ಫಲಕ ಎದುರುಗಾಳಿಯನ್ನು ಮಾತ್ರ ತೋರಿಸೀತು. ಬಾಣಗಳಿಗೆ ಪೂರ್ವಪಶ್ಚಿಮಗಳುಂಟು, ಮೇಲುಕೆಳಗುಗಳಿಲ್ಲ. ಮೂತಿ ಮೇಲಕ್ಕಿದೆ, ಯಂತ್ರ ಪೂರ್ಣ ಬಲದಲ್ಲಿದೆ, ಆದರೂ ಎತ್ತರ ಕಡಿಮೆಯಾಗುತ್ತಿದೆ, ಮುಂದೆ ಬೆಟ್ಟ. ಆದ್ದರಿಂದಲೇ ಬಲವಾದ ಗಾಳಿಯಿರುವಾಗ ಶಿಖರಗಳಿಗಿಂತ ಕನಿಷ್ಠ 2,000 ಅಡಿ ಮೇಲಿರಬೇಕು, ಆ ಎತ್ತರವನ್ನು ಬೆಟ್ಟದಿಂದ ದೂರವಿರುವಾಗಲೇ ಗಳಿಸಿಕೊಳ್ಳಬೇಕು, ಓರೆಯಾಗಿ ಸಮೀಪಿಸಬೇಕು ಎಂದು ಕಲಿಸುತ್ತಾರೆ. ಓರೆಯಾಗಿ ಬಂದವನಿಗೆ ಹಿಂದಿರುಗಲು ಅರ್ಧ ತಿರುವು ಸಾಕು.

ನಾನು ಹಾರಿದವನಲ್ಲ, ಭೂಗೋಳದ ಪಾಠ ಹೇಳಿಕೊಂಡಿದ್ದವನು. ಫಲಕವನ್ನು ಹಳಿಯುವ ಹಟವೂ ನನಗಿಲ್ಲ. ಆದರೆ ಸೋದರಳಿಯ ಅದರ ಜೊತೆಗೆ ನೆಲವನ್ನೂ ನೋಡುತ್ತಾನೆಂದು ತಿಳಿದಾಗ ಸಮಾಧಾನವಾಯಿತು. ಗದ್ದೆಯಂಚಿನಲ್ಲಿ ಸುಡುಮಣ್ಣಿನ ಹೊಗೆ ಬಾಗಿದ ಕಡೆ ಗಾಳಿ ಹೋಗುತ್ತಿದೆ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನ ಹಿಂದೆ ನಿಂತ ನೀರಿನ ಒಂದು ದಂಡೆಯುದ್ದಕ್ಕೂ ತೆರೆಯಿಲ್ಲದ ನುಣುಪಾದ ಪಟ್ಟಿ ಕಂಡರೆ, ಗಾಳಿ ಆ ದಂಡೆಯ ಕಡೆಯಿಂದ ಬರುತ್ತಿದೆ.